ಅಪ್ಪನ ಗಿಡದ ಎಲೆ

ಕುನ್‌ಮಿಂಗ್
೧೭ ಫೆಬ್ರವರಿ ೨೦೧೯, ಹೊಸ ವರ್ಷದ ಹದಿಮೂರನೇ ದಿನ

ಪ್ರೀತಿಯ ಅಕ್ಕಾ,

ಕಾಲು ಹೇಗಿದೆ? ಪ್ಲಾಸ್ಟರ್ ಬಿಚ್ಚಲು ಇನ್ನೆಷ್ಟು ದಿನ ಅಂದಿದ್ದಾರೆ? ಒಳಗೆ ತುರಿಸಿದರೆ ಹೆಣಿಗೆ ಕಡ್ಡಿ ತೂರಿಸಬೇಡ, ನೀನು ಅದನ್ನೇ ಮಾಡುತ್ತಿದ್ದೀಯ ಅಂತ ಭಾವ ದೂರು ಹೇಳಿದರು. ಅರವತ್ತೆಂಟನೇ ವಯಸ್ಸಿನಲ್ಲಿ ಏಣಿ ಹತ್ತಿ ಬಿದಿರುಗಳದ ಮೇಲೆ ಹಾಲಿನ ಹಪ್ಪಳ ಒಣಹಾಕುವವಳು ಇಡೀ ದಾಲಿಯಲ್ಲಿ ನೀನೊಬ್ಬಳೇ ಇರಬೇಕು. ಬೀಳುವ ಮೊದಲು ನೀನು ಕಳಿಸಿದ ಕಟ್ಟು ತಲುಪಿತು. ಅಮ್ಮ ಅದನ್ನು ಒಲೆಯ ಮೇಲೆ ಸುಟ್ಟು, ಗುಲಾಬಿ ಪಾಕ ಸವರಿ, ನನಗೆ ಅರ್ಧ ಕೊಟ್ಟು ತಾನು ಒಂದೂವರೆ ತಿಂದಳು. ಎಂಬತ್ತೆಂಟಾದರೂ ಅವಳ ಹಸಿವಿಗೆ ಮುಪ್ಪು ಬಂದಿಲ್ಲ. ಕಣ್ಣಿನ ಪೊರೆ ಮಾತ್ರ ಇನ್ನಷ್ಟು ದಪ್ಪವಾಗಿದೆ. ಆಪರೇಷನ್ ಮಾಡಿಸೋಣ ಅಂದರೆ, ನೋಡಬೇಕಾದ ಮುಖಗಳೆಲ್ಲ ನನಗೆ ಬಾಯಿಪಾಠ ಅನ್ನುತ್ತಾಳೆ. ಲಿಫೆನ್ ತವರಿಗೆ ಹೋಗಿ ಹತ್ತು ದಿನವಾಯಿತು, ಅವಳ ತಮ್ಮನ ಸೊಸೆಗೆ ಹೆರಿಗೆಯಾಗಿದೆ. ಹೆಂಡತಿ ಇಲ್ಲದ ಮನೆಯಲ್ಲಿ ಅಡಿಗೆ ನನ್ನದು, ಬೈಗುಳ ಅಮ್ಮನದು.

ಈಗ ಸುದ್ದಿ. ನಿನ್ನೆ ಅಮ್ಮನನ್ನು ಕರೆದುಕೊಂಡು ಕೊಳದ ಗುಡಿಗೂ ಸಸ್ಯೋದ್ಯಾನಕ್ಕೂ ಹೋಗಿಬಂದೆ. ಒಂದೇ ದಿನ, ಎರಡೂ ಕಡೆ. ಹೌದು, ಗುಡಿಯ ಒಳಕ್ಕೇ ಹೋದೆ. ಇಷ್ಟು ಓದಿ ನೀನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೀಯ ಅಂತ ಗೊತ್ತು. ಒರೆಸಿಕೊಂಡು ಮತ್ತೆ ಓದು. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಿನ್ನ ಫೋನು ಯಾವಾಗಲೂ ಸ್ಪೀಕರಿನಲ್ಲಿ ಕಿರುಚುತ್ತಿರುತ್ತದೆ, ಒಂದು ಕಿವಿಗೆ ಹೇಳಿದ್ದು ಇಡೀ ಬೀದಿಗೆ ಕೇಳುತ್ತದೆ. ನಾನು ಬರೆಯುವುದರಲ್ಲಿ ನಿನ್ನೊಬ್ಬಳಿಗೇ ಸೇರಬೇಕಾದ ಮಾತೊಂದಿದೆ.

ಹನ್ನೊಂದು ವರ್ಷದಿಂದ ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತೇ ಇದೆ. ಹೊಸ ವರ್ಷದ ಗದ್ದಲ ಇಳಿದ ಮೇಲೆ ಒಂದು ದಿನ ಅಮ್ಮನನ್ನು ಬಸ್ಸಿನಲ್ಲಿ ಗುಡಿಯ ಬಾಗಿಲವರೆಗೆ ತರುವುದು ನಾನು. ಅಲ್ಲಿಂದ ಒಳಗೆ, ತಮ್ಮ ದೆಶಾನ್‌ನ ಹತ್ತಿರ, ಕರೆದುಕೊಂಡು ಹೋಗುವುದು ಲಿಫೆನ್. ಅವರು ಹೊರಗೆ ಬರುವ ತನಕ ನಾನು ರಸ್ತೆಯ ಈಚೆ, ನಾನು ಮೂವತ್ತೆಂಟು ವರ್ಷ ಗಿಡ ಸಾಕಿದ ಉದ್ಯಾನದ ಗೇಟಿನಲ್ಲಿ ಕೂತು ಸೂರ್ಯಕಾಂತಿ ಬೀಜ ಸುಲಿಯುತ್ತಿದ್ದೆ. ಒಬ್ಬ ತಮ್ಮ ಜುಟ್ಟು ಕಟ್ಟಿ ನೀಲಿ ನಿಲುವಂಗಿ ತೊಟ್ಟು ಆ ಕಡೆ ಗೋಡೆಯೊಳಗೆ, ಒಬ್ಬ ಅಣ್ಣ ಈ ಕಡೆ ಬೇಲಿಯೊಳಗೆ. ಗುಡಿಯ ಎರಡು ಕೊಳ ಇವೆಯಲ್ಲ, ಒಂದು ತಿಳಿ, ಒಂದು ಕೆಸರು, ಅಡಿಯಲ್ಲಿ ನೀರು ಕೂಡಿದರೂ ಮೀನು ಆಚೀಚೆ ದಾಟುವುದಿಲ್ಲ ಅಂತ ನಾವು ಚಿಕ್ಕವರಾಗಿದ್ದಾಗಿನಿಂದ ಕೇಳಿದ್ದು, ನನ್ನ ಜೊತೆ ಕೆಲಸ ಮಾಡುತ್ತಿದ್ದವರು ನಮ್ಮಿಬ್ಬರನ್ನು ಆ ಕೊಳಗಳ ಹೆಸರಿನಿಂದಲೇ ಕರೆಯುತ್ತಿದ್ದರು. ತಿಳಿ ನೀರು ನಾನೇ ಅಂತ ನಾನು ಅಂದುಕೊಂಡಿದ್ದೆ. ಅವನೂ ಹಾಗೇ ಅಂದುಕೊಂಡಿದ್ದನಂತೆ.

ಜಗಳದ ಕಥೆಯನ್ನು ನೀನು ನನ್ನ ಬಾಯಿಂದ ಕೇಳಿದ್ದೀಯ, ಅವನ ಬಾಯಿಂದಲೂ ಕೇಳಿದ್ದೀಯ. ಮೂರನೇ ಸಲ ಕೇಳು, ಏಕೆಂದರೆ ಮೊದಲಿನ ಎರಡೂ ತಪ್ಪು. ಅಪ್ಪ ತೆಂಗ್‌ಚೊಂಗ್ ಬೆಟ್ಟದಲ್ಲಿ ರಸ್ತೆ ಕೆಲಸಕ್ಕೆ ಹೋದಾಗ ಬೆನ್ನ ಮೇಲೆ ಹೊತ್ತು ತಂದ ಆ ಕೆಂಪು ಕ್ಯಾಮೆಲಿಯಾ ನಮ್ಮ ಓಣಿ ಮನೆಯ ಅಂಗಳದಲ್ಲಿತ್ತಲ್ಲ, ಮನೆ ಕೆಡವುವ ಮೊದಲು ನಾನು ಅದರಿಂದ ಒಂದು ಕಸಿ ಕಟ್ಟಿ ದೆಶಾನ್‌ಗೆ ಕೊಟ್ಟೆ. ಅವನು ಗುಡಿಯ ಹಿತ್ತಿಲಿನಲ್ಲಿ ನೆಟ್ಟ. ಮೂರು ವರ್ಷದ ಮೇಲೆ, ಸರಿಯಾಗಿ ಹೊಸ ವರ್ಷದ ದಿನ, ಭಕ್ತರೆಲ್ಲ ಸೇರಿದ್ದಾಗ, ಆ ಗಿಡ ಹೂ ಬಿಟ್ಟಿತು, ಅಪ್ಪಟ ಬಿಳಿ. ಎಪ್ಪತ್ತೇಳರ ಅಮ್ಮ ಇರುವ ಮನೆಗೆ ಹಬ್ಬದ ದಿನ ಸಾವಿನ ಬಣ್ಣದ, ಸೂತಕದ ಹೂವು. ದೆಶಾನ್ ಒಂದು ಬುಟ್ಟಿಯಲ್ಲಿ ಒಂದೇ ಒಂದು ಬಿಳಿ ಹೂ ಇಟ್ಟು, ಒಂದು ಅಕ್ಷರ ಬರೆಯದೆ ನನಗೆ ಕಳಿಸಿದ. ನಾನು ಬುಟ್ಟಿಯನ್ನು ಖಾಲಿ ವಾಪಸು ಕಳಿಸಿದೆ. ನೀನು ನನ್ನ ಕಸಿಯನ್ನು ಸಾಯಿಸಿ ಸಂತೆಯ ಗಿಡ ನೆಟ್ಟಿದ್ದೀಯ ಅಂತ ನಾನು ಹೇಳಿ ಕಳಿಸಿದೆ. ಆ ಗಿಡಕ್ಕೆ ನಾನು ಕೈಯೇ ಇಟ್ಟಿಲ್ಲ ಅಂತ ಅವನು ಹೇಳಿ ಕಳಿಸಿದ. ಅಷ್ಟೇ. ಆಮೇಲೆ ಹನ್ನೊಂದು ವರ್ಷ ಇಬ್ಬರ ಬಾಯಿಗೂ ಬೀಗ.

ಇನ್ನು ನಿನ್ನೊಬ್ಬಳಿಗೇ ಸೇರಬೇಕಾದ ಮಾತು. ಅಪ್ಪನ ಗಿಡ ಸತ್ತುಹೋಗಿ ಆರು ವರ್ಷವಾಯಿತು ಅಕ್ಕಾ. ಮನೆ ಕೆಡವಿದಾಗ ಅದನ್ನು ಉದ್ಯಾನಕ್ಕೆ ತಂದು ನೆಟ್ಟವನು ನಾನೇ, ಆಳವಾಗಿ ನೆಟ್ಟವನೂ ನಾನೇ. ಕ್ಯಾಮೆಲಿಯಾವನ್ನು ಆಳಕ್ಕೆ ಇಳಿಸಬೇಡಿ, ಬೇರು ಉಸಿರುಕಟ್ಟುತ್ತದೆ ಅಂತ ಹೊಸ ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದವನು, ಅಪ್ಪನ ಗಿಡ ಗಾಳಿಗೆ ಅಲ್ಲಾಡಬಾರದು ಅಂತ ಒಂದು ಗೇಣು ಹೆಚ್ಚಿಗೆ ಅಗೆದೆ. ಒಳಗೊಳಗೇ ಕೊಳೆಯಿತು. ಇಲ್ಲೇ ಇದೆಯಲ್ಲ, ಏನವಸರ ಅಂತ ಇನ್ನೊಂದು ಕಸಿಯನ್ನೂ ತೆಗೆದಿಟ್ಟಿರಲಿಲ್ಲ. ಅದು ಒಣಗಿದ ವಾರದಲ್ಲೇ ನರ್ಸರಿಯಿಂದ ಅದೇ ಎತ್ತರದ, ಅದೇ ಕೆಂಪಿನ ಇನ್ನೊಂದನ್ನು ತಂದು ಆ ಜಾಗದಲ್ಲಿ ನಿಲ್ಲಿಸಿದೆ. ಯಾರಿಗೂ ಹೇಳಲಿಲ್ಲ, ಲಿಫೆನ್‌ಗೂ. ಆಮೇಲೆ ಪ್ರತಿ ವರ್ಷ ಅಮ್ಮ ಬಂದು ಆ ಗಿಡದ ಮುಂದೆ ನಿಂತು ಅಪ್ಪನಿಗೆ ವರ್ಷದ ಸುದ್ದಿಯೆಲ್ಲ ಹೇಳುತ್ತಾಳೆ. ಯಾರಿಗೆ ಮದುವೆಯಾಯಿತು, ಯಾರು ಹೋದರು, ಹಂದಿಮಾಂಸ ಎಷ್ಟು ದುಬಾರಿ, ನಿನ್ನ ಮೊಮ್ಮಗನಿಗೆ ಎಷ್ಟು ಹಲ್ಲು ಬಂತು, ಎಲ್ಲ. ನಾನು ಪಕ್ಕದಲ್ಲಿ ನಿಂತು ಕೇಳುತ್ತೇನೆ. ಅಪ್ಪನದು ಅಂತ ಈ ಭೂಮಿಯ ಮೇಲೆ ಒಂದು ಎಲೆಯೂ ಉಳಿದಿಲ್ಲ, ಅದನ್ನು ಕಳೆದವನು ನಾನು, ಕಣ್ಣು ಕಾಣದ ಅಮ್ಮನಿಗೆ ಸುಳ್ಳು ಗಿಡ ತೋರಿಸುತ್ತಿರುವವನೂ ನಾನು. ಈ ವರ್ಷವೂ ಅದೇ ನಡೆಯುತ್ತದೆ ಅಂದುಕೊಂಡು ಹೊರಟಿದ್ದೆ.

ಬೆಳಿಗ್ಗೆ ಬಿಸಿಲು ಚೆನ್ನಾಗಿತ್ತು. ಅಮ್ಮ ನೀನು ಹೆಣೆದ ಕಂದು ಟೋಪಿ ಹಾಕಿಕೊಂಡಳು. ಬಸ್ಸು ಹತ್ತಿ ಕಾರ್ಡು ತಾಗಿಸಿದಾಗ ಆ ಯಂತ್ರ ಗಟ್ಟಿಯಾಗಿ ಹಿರಿಯ ನಾಗರಿಕರು ಅಂತ ಕೂಗಿತು. ಹಿರಿಯರು ಅಂದರೆ ಸಾಲದು, ಬಹಳ ಹಿರಿಯರು ಅನ್ನಬೇಕು ಅಂತ ಅಮ್ಮ ಡ್ರೈವರನಿಗೆ ತಾಕೀತು ಮಾಡಿದಳು. ಅವನು ನಕ್ಕು, ಅವಳು ಕೂತ ಮೇಲೆಯೇ ಗಾಡಿ ಬಿಟ್ಟ. ದಾರಿಯುದ್ದಕ್ಕೂ ಸುಟ್ಟ ಅಕ್ಕಿ ರೊಟ್ಟಿ ತಿನ್ನುತ್ತಾ ಬಂದೆವು. ಇಳಿದ ಮೇಲೆ ಅಮ್ಮ ನನ್ನ ತೋಳು ಬಿಡಲಿಲ್ಲ. ಲಿಫೆನ್ ಇಲ್ಲ, ನೀನೇ ಬಾ ಅಂದಳು. ಬಾಗಿಲಲ್ಲಿ ಯಾರನ್ನಾದರೂ ಕರೆಯುತ್ತೇನೆ ಅಂದೆ. ಅದಕ್ಕೆ ಅವಳು ಹೇಳಿದ್ದು: "ನನಗಿರೋದು ಎರಡು ಕೈ, ಇಲ್ಲಿರೋದು ಇಬ್ರು ಮಕ್ಳು. ಲೆಕ್ಕ ಸರಿಯಾಗೇ ಇದೆ. ನಡಿ."

ಗುಡಿಯ ಹೊಸ್ತಿಲು ಎಷ್ಟು ಎತ್ತರ ಅಂತ ನಿನಗೆ ನೆನಪಿದೆಯಲ್ಲ, ಮೊಣಕಾಲ ಮಟ್ಟ. ಮೆಟ್ಟಬಾರದು, ದಾಟಬೇಕು. ಅಮ್ಮನ ಕಾಲು ಅಷ್ಟು ಮೇಲೆ ಏಳುವುದಿಲ್ಲ. ನಾನು ಒಂದು ಕಂಕುಳಿಗೆ ಕೈಕೊಟ್ಟು ಒದ್ದಾಡುತ್ತಿದ್ದೆ, ಒಳಗಿನಿಂದ ಒಂದು ನೀಲಿ ತೋಳು ಬಂದು ಇನ್ನೊಂದು ಕಂಕುಳನ್ನು ಹಿಡಿಯಿತು. ತಲೆಯೆತ್ತಿ ನೋಡಿದರೆ ದೆಶಾನ್. ಗಡ್ಡ ನೆರೆತಿದೆ ಅಕ್ಕಾ. ಐವತ್ತೆಂಟು ಈಗ ಅವನಿಗೆ, ನನಗೆ ಮಾತ್ರ ಅವನು ಇನ್ನೂ ಮೂಗು ಸುರಿಸುವ ವಯಸ್ಸಿನವನೇ. ನನ್ನ ಮುಖ ನೋಡದೆ, "ಎಡಗಾಲು ಮೊದ್ಲು" ಅಂದ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು. ಅಮ್ಮನಿಗೆ ಹೇಳಿದ್ದು ಅಂದುಕೊಂಡೆ. ಆದರೆ ಅಲ್ಲಿ ಹೆಂಗಸರು ಬಲಗಾಲು ಇಡಬೇಕು, ಗಂಡಸರು ಎಡಗಾಲು. ಅಂದರೆ ಆ ಮಾತು ನನಗೇ. ಎಡಗಾಲಿಟ್ಟೇ ದಾಟಿದೆ.

ಆಮೇಲೆಲ್ಲ ಅಮ್ಮನದೇ ದರ್ಬಾರು. ಒಂದು ಕೈ ನನ್ನ ತೋಳಿನಲ್ಲಿ, ಒಂದು ಕೈ ಅವನ ತೋಳಿನಲ್ಲಿ. ಪ್ರತಿ ದೇವರ ಮುಂದೆಯೂ ಮೂರು ಊದುಬತ್ತಿ ಹಚ್ಚಿ ನಮ್ಮೆಲ್ಲರ ಹೆಸರು ಹೇಳಿದಳು, ನಿನ್ನ ಕಾಲಿನ ಹೆಸರನ್ನೂ ಹೇಳಿದಳು. ದೆಶಾನ್‌ನ ಜುಟ್ಟು ಮುಟ್ಟಿ ನೋಡಿ, ಇದರಲ್ಲಿ ಒಂದು ಶ್ಯಾವಿಗೆ ಎಳೆಯನ್ನೂ ನೇತುಹಾಕಲು ಆಗುವುದಿಲ್ಲ, ಕೂದಲು ಬೆಳೆಯಲು ಎಳ್ಳು ತಿನ್ನು ಅಂದಳು. ಪಕ್ಕದಲ್ಲಿದ್ದ ಅವನ ಶಿಷ್ಯರು ನಗು ತಡೆಯಲು ದೇವರ ಕಡೆ ತಿರುಗಿಕೊಂಡರು. ಮಧ್ಯಾಹ್ನ ಗುಡಿಯ ಊಟದ ಮನೆಯಲ್ಲಿ ಅನ್ನ, ಹುಳಿ ಸೊಪ್ಪಿನ ಜೊತೆ ಬಾಡಿಸಿದ ಹಸಿ ಕಾಳು, ತೋಫು. ಒಂದೇ ಮೇಜಿನಲ್ಲಿ ಮೂವರೂ ಕೂತೆವು. ನಾವಿಬ್ಬರೂ ಅಮ್ಮನ ಬಟ್ಟಲಿಗೇ ಬಡಿಸುತ್ತಾ ಹೋದೆವು. ಬಟ್ಟಲು ಗುಡ್ಡವಾದ ಮೇಲೆ ಅಮ್ಮ ಊಟದ ಕಡ್ಡಿಗಳನ್ನು ಕೆಳಗಿಟ್ಟು, ಆ ಬಿಳಿ ಗಿಡ ತೋರಿಸಿ ಅಂದಳು. ಇಷ್ಟು ವರ್ಷ ದೆಶಾನ್ ಅವಳನ್ನು ಹಿತ್ತಿಲಿನ ಕಡೆಗೇ ಬಿಟ್ಟಿರಲಿಲ್ಲ, ಅಪಶಕುನ ಅಂತ. ನಿನ್ನೆಯೂ ಏನೋ ನೆಪ ತೆಗೆದ. ಅಮ್ಮ ಅವನ ಮಾತು ಮುಗಿಯಲು ಬಿಡಲಿಲ್ಲ. "ಎಂಬತ್ತೆಂಟಾಯ್ತು ಕಣೋ ನಂಗೆ. ನಂಗೆ ಗೊತ್ತಿಲ್ದೇ ಇರೋದನ್ನ ಆ ಹೂವು ಏನು ಹೇಳುತ್ತೆ?"

ಹಿತ್ತಿಲಿನಲ್ಲಿ ಆ ಗಿಡ ಆಳೆತ್ತರ ಮೀರಿ ಪೊದೆಯಾಗಿ ಬೆಳೆದಿತ್ತು, ಮೈತುಂಬ ಬಿಳಿ ಹೂ. ನಾನು ನೋಡಿದ್ದು ಅದೇ ಮೊದಲು. ಬುಡ ನೋಡಿದ ತಕ್ಷಣ ನನಗೆ ಅರ್ಥವಾಯಿತು, ಕಿವಿ ಬಿಸಿಯಾಯಿತು. ನಿನಗೆ ಗೊತ್ತಲ್ಲ, ನಮ್ಮಲ್ಲಿ ಕೆಂಪು ಕ್ಯಾಮೆಲಿಯಾವನ್ನು ಕಸಿ ಕಟ್ಟುವುದು ಬಿಳಿ ಹೂವಿನ ಸಸಿಯ ಬೇರಿನ ಮೇಲೆ, ಅದು ಗಟ್ಟಿ ಅಂತ. ಕಟ್ಟಿದ ಮೇಲೆ ಬೇರಿನ ಕಡೆಯಿಂದ ಬಿಳಿಯ ಚಿಗುರು ಬಂದಾಗೆಲ್ಲ ಚಿವುಟುತ್ತಿರಬೇಕು, ಇಲ್ಲದಿದ್ದರೆ ಅದು ಕೆಂಪನ್ನು ನುಂಗುತ್ತದೆ. ಇದನ್ನು ನಾನು ದೆಶಾನ್‌ಗೆ ಹೇಳಿಯೇ ಇರಲಿಲ್ಲ. ಗಿಡದ ಕೆಲಸದವನಿಗೆ ಇದು ಉಸಿರಾಡಿದಷ್ಟು ಸಹಜ, ಯಾರಾದರೂ ಹೇಳಿಕೊಡುತ್ತಾರೆಯೇ? ಅವನೋ, ಬೆಳೆಯುವುದನ್ನು ಬೆಳೆಯಲು ಬಿಡು, ಕೈ ಹಾಕಬೇಡ ಅಂತ ದಿನಕ್ಕೆರಡು ಹೊತ್ತು ಪಾಠ ಮಾಡುವ ದಾವ್ ಸನ್ಯಾಸಿ. ಒಂದು ಚಿಗುರನ್ನೂ ಮುಟ್ಟಿಲ್ಲ. ಕೈಯೇ ಇಟ್ಟಿಲ್ಲ ಅಂತ ಅವನು ಹೇಳಿ ಕಳಿಸಿದ್ದು ಸತ್ಯದಲ್ಲಿ ಸತ್ಯ. ಅಪ್ಪನ ಕೊನೆಯ ಕೊಂಬೆಯೂ ಬಿಳಿಯ ಹೊಟ್ಟೆಗೆ ಹೋಯಿತು ಅಂದುಕೊಂಡೆ.

ಅಷ್ಟರಲ್ಲಿ ಅಮ್ಮ ನಮ್ಮಿಬ್ಬರ ಕೈಯನ್ನೂ ಬಿಡಿಸಿಕೊಂಡು ಪೊದೆಯೊಳಗೆ ತೋಳು ತೂರಿಸಿದ್ದಳು. ಬಿಳಿ ಹೂವಿನ ಗಿಡದ ಎಲೆ ನುಣುಪು, ಎಣ್ಣೆ ಸವರಿದ ಹಾಗೆ. ಅವಳು ಅವುಗಳನ್ನು ಒಂದೊಂದಾಗಿ ಸವರುತ್ತಾ ಒಳಗೊಳಗೆ ಹೋದಳು, ಅಕ್ಕಿಯಲ್ಲಿ ಕಲ್ಲು ಹುಡುಕುವವರ ಹಾಗೆ. ಒಂದು ಕಡೆ ಕೈ ನಿಂತಿತು. ಹೆಬ್ಬೆರಳು, ತೋರುಬೆರಳಿನ ನಡುವೆ ಒಂದು ಎಲೆಯನ್ನು ಹಿಡಿದು ತಿಕ್ಕಿದಳು. ಅಪ್ಪನ ಗಿಡದ ಎಲೆ ನಿನಗೆ ನೆನಪಿರಬೇಕು, ಬಲೆಯಂಥ ಒರಟು ನರ, ತುದಿ ಒಂದು ಪಕ್ಕಕ್ಕೆ ತಿರುಚಿಕೊಂಡಿರುತ್ತದೆ. ಅಮ್ಮ ಮೆಲ್ಲಗೆ, ನಮಗಲ್ಲ, ಆ ಎಲೆಗೆ ಹೇಳಿದಳು: "ಇಲ್ಲಿದ್ದೀರಾ ನೀವು?"

ನಾನು ಮಂಡಿಯೂರಿ ಒಳಗೆ ನುಗ್ಗಿದೆ. ಬಿಳಿ ಹೂವಿನ ಪೊದೆಯ ಕತ್ತಲೆಯಲ್ಲಿ ಬೆರಳು ದಪ್ಪದ ಒಂದು ಕೊಂಬೆ, ಮೂರು ಕವಲು, ಹದಿನೈದಿಪ್ಪತ್ತು ಎಲೆ. ಬಿಸಿಲು ಕಾಣದೆ ಸೊರಗಿದರೂ ಸತ್ತಿರಲಿಲ್ಲ. ತುದಿಯಲ್ಲಿ ಒಂದು ಮೊಗ್ಗು, ಅದರ ಬಾಯಲ್ಲಿ ಉಗುರಿನಷ್ಟು ಕೆಂಪು. ಅಕ್ಕಾ, ಅರವತ್ತಮೂರು ವರ್ಷದ ನಾನು ಆ ಪೊದೆಯೊಳಗೆ ಕೂತು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಬರೆಯುತ್ತಿದ್ದೇನೆ, ಅಷ್ಟು ಸಂತೋಷವಾಗಿತ್ತು. ಅಮ್ಮನನ್ನು ಒಬ್ಬ ಸನ್ಯಾಸಿನಿ ಬಿಸಿಲಿನ ಕಟ್ಟೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟಳು. ಅಮ್ಮ ದೂರವಾದ ಮೇಲೆ ದೆಶಾನ್‌ಗೆ ಎಲ್ಲ ಹೇಳಿದೆ. ನಾನು ಚಿಗುರಿನ ವಿಷಯ ಹೇಳದೆ ಹೋದದ್ದು, ಉದ್ಯಾನದ ಗಿಡ ಸತ್ತದ್ದು, ಸುಳ್ಳು ಗಿಡ, ಎಲ್ಲವನ್ನೂ. ಅವನು ಗಡ್ಡ ನೀವಿಕೊಂಡ. ಈಗ ಉಪದೇಶ ಶುರುವಾಗುತ್ತದೆ ಅಂತ ನಾನು ಹಲ್ಲು ಕಚ್ಚಿಕೊಂಡೆ. ಅವನು ಹೇಳಿದ್ದು ಇಷ್ಟು: "ಅಣ್ಣಾ, ನಾನು ಕೈ ಇಡ್ದೇ ಕೆಡಿಸ್ದೆ, ನೀನು ಕೈ ಇಟ್ಟು ಕೆಡಿಸ್ದೆ. ಅಪ್ಪ ಇದ್ದಿದ್ರೆ ಇಬ್ರಿಗೂ ಒಂದೊಂದು ಬಾರಿಸ್ತಿದ್ದ." ಇಬ್ಬರೂ ನಕ್ಕೆವು. ಅವನು ನಕ್ಕಾಗ ಈಗಲೂ ಮುಂದಿನ ಮುರಿದ ಹಲ್ಲು ಕಾಣುತ್ತದೆ, ನೀನು ತೂಗುತ್ತಿದ್ದ ಉಯ್ಯಾಲೆಯಿಂದ ಬಿದ್ದು ಮುರಿದದ್ದು.

ತಕ್ಷಣ ಜಗಳವೂ ಆಯಿತು, ಗಾಬರಿಯಾಗಬೇಡ, ಒಳ್ಳೆಯ ಜಗಳ. ನಾನು ಜೇಬಿನಿಂದ ಕತ್ತರಿ ತೆಗೆದು ಬಿಳಿಯನ್ನೆಲ್ಲ ಬುಡಕ್ಕೇ ಕತ್ತರಿಸುತ್ತೇನೆ ಅಂದೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಹೂ ಬಿಟ್ಟಿರುವ ಕೊಂಬೆ, ಉದುರುವವರೆಗೆ ಬಿಡು ಅಂದ. ಬಿಟ್ಟರೆ ಅಪ್ಪನ ಕೊಂಬೆಗೆ ಬಿಸಿಲು ಬೀಳುವುದಿಲ್ಲ ಅಂದೆ. ನಾನು ಆರು ಕೊಂಬೆ ಅಂದೆ, ಅವನು ಒಂದು ಅಂದ. ತರಕಾರಿ ಮಾರುಕಟ್ಟೆಯಲ್ಲಿ ಚೌಕಾಸಿ ಮಾಡುವವರ ಹಾಗೆ ಕೂಗಾಡಿ ಕೊನೆಗೆ ಮೂರಕ್ಕೆ ಒಪ್ಪಂದವಾಯಿತು. ಕತ್ತರಿಸಿದ್ದು ನಾನು, ಪ್ರತಿ ಕೊಂಬೆಗೂ ಕೈಮುಗಿದು ಕ್ಷಮೆ ಕೇಳಿದ್ದು ಅವನು. ಕೆಂಪು ಕೊಂಬೆಯ ಮೇಲೆ ಬಿಸಿಲು ಬಿತ್ತು. ಐದನೇ ತಿಂಗಳು ಮಳೆ ಹಿಡಿದಾಗ ಮೂರು ಕುಂಡಗಳಲ್ಲಿ ಬಿಳಿ ಸಸಿ ತಂದು ಆ ಮೂರು ಕವಲಿನ ಪಕ್ಕ ನಿಲ್ಲಿಸಿ, ಅಪ್ಪ ಮಾಡುತ್ತಿದ್ದ ಹಾಗೆ ತೊಗಟೆ ಕೆತ್ತಿ, ಗಾಯಕ್ಕೆ ಗಾಯ ಕೂಡಿಸಿ ದಾರ ಸುತ್ತುತ್ತೇವೆ. ಅವು ಒಂದಾಗಲು ನಾಲ್ಕು ತಿಂಗಳು ಬೇಕು. ಅಲ್ಲಿಯವರೆಗೆ ವಾರಕ್ಕೊಮ್ಮೆ ನಾನು ಹೋಗಿ ಕಟ್ಟು ನೋಡಲೇಬೇಕು. ಅವನನ್ನು ನಂಬಿ ಬಿಡುವ ಹಾಗಿಲ್ಲ, ಮತ್ತೆ ಕೈ ಇಡುವುದಿಲ್ಲ.

ಹಿಂದಿರುಗುವಾಗ ದೆಶಾನ್ ರಸ್ತೆ ದಾಟಿ ಉದ್ಯಾನಕ್ಕೂ ಬಂದ. ಗೇಟಿನ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ನಾನು ಅವನಿಗೆ ಗಾಜಿನ ಮನೆ ತೋರಿಸಿದೆ. ಪ್ರತಿ ಗಿಡದ ಹೆಸರು ಹೇಳಿದೆ. ಹೆಸರು ಕೇಳಿದರೆ ಗಿಡಕ್ಕೆ ಏನು ಲಾಭ ಅಂತ ಅವನು ತಕರಾರು ತೆಗೆದ. ಆಮೇಲೆ ಆ ಸುಳ್ಳು ಗಿಡದ ಮುಂದೆ ನಿಂತೆವು, ನಾವಿಬ್ಬರೂ ಕಳ್ಳರ ಹಾಗೆ. ಗಿಡ ತುಂಬ ಹೂ ಬಿಟ್ಟಿತ್ತು. ಅಮ್ಮ ಅದರ ಎಲೆಯೊಂದನ್ನು ಸವರಿ, ಹೊಸ ವರ್ಷ ಚೆನ್ನಾಗಿರಲಿ ಅಂತಷ್ಟೇ ಹೇಳಿ ತಿರುಗಿದಳು. ಬೇರೆ ಸುದ್ದಿ ಏನೂ ಹೇಳಲಿಲ್ಲ. ದಣಿದಿರಬೇಕು ಅಂದುಕೊಂಡೆ. ಬಸ್ಸಿನಲ್ಲಿ ನನ್ನ ಭುಜದ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಾ ಬಂದಳು.

ಇನ್ನು ಜಾಗವಿಲ್ಲ, ಅಮ್ಮ ಅಡಿಗೆಮನೆಯಿಂದ ಕೂಗುತ್ತಿದ್ದಾಳೆ. ಭಾವನಿಗೆ ನಮಸ್ಕಾರ ಹೇಳು, ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಗುಡಿಯಲ್ಲಿ ಕೊಟ್ಟ ಕೆಂಪು ದಾರವನ್ನು ಇದರ ಜೊತೆ ಇಟ್ಟಿದ್ದೇನೆ, ಪ್ಲಾಸ್ಟರಿನ ಮೇಲೆ ಕಟ್ಟಿಕೋ. ಏಣಿಯನ್ನು ಯಾರಿಗಾದರೂ ದಾನ ಮಾಡು.

ನಿನ್ನ ತಮ್ಮ,
ದೆಕುನ್

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ್ದೆ, ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗ ಊಟಕ್ಕೆ ಕೂತಾಗ ಅಮ್ಮ, ಮುಂದಿನ ವರ್ಷದಿಂದ ಗುಡಿಯೊಂದೇ ಸಾಕು, ಉದ್ಯಾನದ ಆ ಗಿಡದ ಹತ್ತಿರ ಕರೆದುಕೊಂಡು ಹೋಗಬೇಡ, ಒಳ್ಳೆಯ ಗಿಡವೇ, ಆದರೆ ನಮ್ಮವರಲ್ಲ ಅಂದಳು. ಯಾವಾಗಿನಿಂದ ಗೊತ್ತು ಅಂತ ಕೇಳಿದೆ. ಮೊದಲನೇ ವರ್ಷ ಎಲೆ ಮುಟ್ಟಿದಾಗಲೇ ಗೊತ್ತಾಯಿತಂತೆ. ಹಾಗಾದರೆ ಆರು ವರ್ಷ ಯಾಕೆ ಸುಮ್ಮನಿದ್ದೆ ಅಂದರೆ, ಪಕ್ಕದಲ್ಲಿ ನೀನು ಉಸಿರು ಬಿಗಿಹಿಡಿದು ನಿಂತಿರುತ್ತಿದ್ದೆಯಲ್ಲ, ಪಾಪ ಅನ್ನಿಸಿತು ಅಂದಳು. ಆಮೇಲೆ ನನ್ನ ಬಟ್ಟಲಿಗೆ ಕಾಳು ಬಡಿಸುತ್ತಾ ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: "ಆರು ವರ್ಷದ ಸುದ್ದಿಯೆಲ್ಲ ಆ ಪರರ ಗಿಡಕ್ಕೆ ಹೇಳ್ಬಿಟ್ಟಿದೀನಿ. ಈಗ ನಿಮ್ಮಪ್ಪಂಗೆ ಮೊದಲಿಂದ ಹೇಳ್ಬೇಕು, ನಂಗೆ ಎಲ್ಲಾ ನೆನಪಿರಲ್ಲ. ಐದನೇ ತಿಂಗಳಿಗೆ ದೊಡ್ಡೋಳನ್ನ ಕರ್ಸು. ಅಪ್ಪ ಕಸಿ ಕಟ್ಟುವಾಗ ದಾರ ಹಿಡೀತಿದ್ದೋಳೂ ಅವಳೇ." ಕಾಲು ಬೇಗ ವಾಸಿ ಮಾಡಿಕೋ ಅಕ್ಕಾ.